ಗಾಡಿ ಎಲ್ಲಿ ಹಚ್ಚೂದು?

ನಾನು ಸ್ಕೂಟರ್ ಹೊಡೆಯಲು ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಬೈಲಹೊಂಗಲದ ಮಾರುಕಟ್ಟೆಯ ಪ್ರಾಂಗಣದಲ್ಲಿ, ಸಂಜೆ ಹತ್ತಿಯ ಗಾಡಿಗಳೆಲ್ಲ ಖಾಲಿಯಾಗಿ ಹೋದ ಮೇಲೆ. ಎಂಟು ದಿನ ಹಿಡಿಯಿತು. ಸ್ಕೂಟರ್ ನಿಲ್ಲಿಸುವುದನ್ನು ಕಲಿಯಲು ಅದಕ್ಕಿಂತ ಸ್ವಲ್ಪ ಹೆಚ್ಚು ಸಮಯ ಬೇಕಾಗುತ್ತಿದೆ. ಇದೀಗ ಹತ್ತನೆಯ ವರ್ಷ ನಡೆದಿದೆ. ನಾನು ಬ್ರೇಕಿನ ಮಾತು ಹೇಳುತ್ತಿಲ್ಲ. ಬ್ರೇಕು ಒತ್ತಿದರೆ ಗಾಡಿ ನಿಲ್ಲುತ್ತದೆ, ಅಷ್ಟು ನನಗೂ ಗೊತ್ತು. ನಿಂತ ಗಾಡಿಯನ್ನು ಯಾವ ಜಾಗದಲ್ಲಿ ಬಿಟ್ಟು ಹೋಗಬೇಕು, ತಿರುಗಿ ಬಂದಾಗ ಅದು ಅಲ್ಲಿಯೇ ಇರುವಂತೆ ಏನು ಮಾಡಬೇಕು ಎಂಬುದು ಬೇರೆಯೇ ವಿದ್ಯೆ. ಆ ವಿದ್ಯೆಯಲ್ಲಿ ನಾನಿನ್ನೂ ಓನಾಮದಲ್ಲೇ ಇದ್ದೇನೆ.

ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗಬೇಕು. ಏಕೆಂದರೆ ನನ್ನ ಕಸುಬೇ ಜಾಗದ ಲೆಕ್ಕದ್ದು. ತಹಶೀಲ್ದಾರ ಕಚೇರಿಯ ಎದುರು ಒಂದು ಮೇಜು, ಒಂದು ಟೈಪರೈಟರ್ ಇಟ್ಟುಕೊಂಡು ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ ಬರೆಯುವವನು ನಾನು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಸರಕಾರಿ ರಸ್ತೆ, ಉತ್ತರಕ್ಕೆ ಇಂಥವರ ಹಿತ್ತಲು ಎಂದು ಊರಿನ ಅರ್ಧ ಆಸ್ತಿಯ ಚತುಃಸೀಮೆಯನ್ನು ನನ್ನ ಕೈಯಾರೆ ಬರೆದಿದ್ದೇನೆ. ಒಂದು ಮೊಳ ಜಾಗ ಆಚೀಚೆ ಆದರೆ ಅಣ್ಣತಮ್ಮಂದಿರು ಕೊಡಲಿ ತೆಗೆಯುತ್ತಾರೆಂದು ಅಳೆದು ಸುರಿದು ಬರೆಯುತ್ತೇನೆ. ಅಂಥ ನನಗೆ ಪರಊರಲ್ಲಿ ಆರು ಅಡಿ ಉದ್ದದ ಸ್ಕೂಟರಿಗೆ ಆರು ಅಡಿ ಜಾಗ ಗೊತ್ತು ಮಾಡಲು ಬರುವುದಿಲ್ಲ.

ತಪ್ಪು ಪೂರ್ತಿ ನನ್ನದಲ್ಲ, ನನ್ನ ಊರಿನದೂ ಇದೆ. ನಮ್ಮಲ್ಲಿ ಗಾಡಿ ನಿಲ್ಲಿಸುವುದಕ್ಕೆ ಇರುವ ಕಾನೂನು ಒಂದೇ, ಅದು ನೆರಳು. ಎತ್ತಿನ ಗಾಡಿಯ ಕಾಲದಿಂದ ಬಂದದ್ದು. ಎತ್ತು ಬಿಸಿಲಲ್ಲಿ ನಿಂತರೆ ಒಡೆಯನ ಮಾನ ಹೋಗುತ್ತದೆ; ಎತ್ತು ಹೋಗಿ ಸ್ಕೂಟರ್ ಬಂದರೂ ಮಾನದ ಲೆಕ್ಕ ಉಳಿದುಕೊಂಡಿದೆ. ಬೇವಿನ ಮರದ ನೆರಳು ಮುಂಜಾನೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ಗಾಡಿಯ ಒಡೆಯ ಕಚೇರಿಯೊಳಗೆ ಸಿಕ್ಕಿಬಿದ್ದಿದ್ದರೆ ಗಾಡಿಯನ್ನು ಸರಿಸುವವರು ಯಾರು? ಯಾರಾದರೂ. ಅದಕ್ಕೇ ನಮ್ಮಲ್ಲಿ ಹ್ಯಾಂಡಲಿಗೆ ಬೀಗ ಹಾಕುವ ಪದ್ಧತಿ ಇಲ್ಲ. ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲ್ ಸಡಿಲ ಬಿಟ್ಟು ಹೋಗುವುದು ಸಭ್ಯತೆ. ಬೀಗ ಹಾಕಿ ಹೋದವನಿಗೆ ಊರಲ್ಲಿ ಸೊಕ್ಕು ಎನ್ನುತ್ತಾರೆ.

ನನ್ನ ಸ್ಕೂಟರ್ ಈ ಪದ್ಧತಿಯಿಂದ ನನಗಿಂತ ಹೆಚ್ಚು ಊರು ನೋಡಿದೆ. ಮುಂಜಾನೆ ಹತ್ತಕ್ಕೆ ನಾನು ಅದನ್ನು ಕಚೇರಿಯ ಗೋಡೆಗೆ ಹಚ್ಚಿ ನಿಲ್ಲಿಸುತ್ತೇನೆ. ಹನ್ನೆರಡಕ್ಕೆ ಅದು ದರ್ಜಿಯ ಅಂಗಡಿಯ ಮುಂದಿರುತ್ತದೆ. ಮೂರಕ್ಕೆ ಚಹಾದ ಅಂಗಡಿಯ ಪಕ್ಕ. ಸಂಜೆ ನಾನು ಹೊರಬಂದು ಗಾಡಿಯನ್ನು ಹುಡುಕುವುದಿಲ್ಲ, ಕೇಳುತ್ತೇನೆ. ಯಾರೋ ಗದ್ದದಿಂದ ದಿಕ್ಕು ತೋರಿಸುತ್ತಾರೆ. ಈ ಊರಲ್ಲಿ ಕಳವೇ ಇಲ್ಲವೆಂದಲ್ಲ. ಎಲ್ಲರೂ ಎಲ್ಲರ ಗಾಡಿಯನ್ನೂ ತಳ್ಳುತ್ತಿರುವಾಗ ಕಳ್ಳನಿಗೆ ಯಾವುದು ಯಾರದೆಂದು ತಿಳಿಯುವುದಿಲ್ಲ ಅಷ್ಟೆ.

ಇಂಥ ಊರಿನವನು ಶಹರಕ್ಕೆ ಹೋದರೆ ಏನಾಗಬೇಕೋ ಅದೇ ಆಯಿತು. ಬೆಳಗಾವಿಗೆ ಮೊದಲ ಸಲ ಸ್ಕೂಟರ್ ಒಯ್ದಾಗ ಒಂದು ಪಾತ್ರೆ ಅಂಗಡಿಯ ಮುಂದೆ ನಿಂತು, ಇಲ್ಲಿ ಹಚ್ಚಲೇನ್ರಿ ಎಂದು ಮಾಲೀಕರನ್ನು ಕೇಳಿದೆ. ಅವರು ನಕ್ಕು, ಹಚ್ಚರಿ ಹಚ್ಚರಿ ಎಂದರು. ತಿರುಗಿ ಬಂದಾಗ ಪೊಲೀಸರು ಚೀಟಿ ಹಿಡಿದು ನಿಂತಿದ್ದರು. ನಾನು ಅಂಗಡಿಯವರ ಕಡೆ ನೋಡಿದೆ, ಅವರು ಪಾತ್ರೆಗಳ ಕಡೆ ನೋಡಿದರು. ಅವರದೂ ತಪ್ಪಲ್ಲ. ಮನೆ ಬಾಗಿಲಿಗೆ ಬಂದು ಕೇಳಿದವನಿಗೆ ಇಲ್ಲ ಎನ್ನಲು ನಮ್ಮ ಕಡೆಯವರ ನಾಲಿಗೆ ಹೊರಳುವುದಿಲ್ಲ. ಅಂದಿನಿಂದ ನಾನು ಪ್ರಶ್ನೆಯನ್ನೇ ಬದಲಿಸಿದ್ದೇನೆ. ನನ್ನ ಗಾಡಿ ಹಚ್ಚಲೇ ಎಂದು ಕೇಳುವುದಿಲ್ಲ, ನಿಮ್ಮ ಗಾಡಿ ಎಲ್ಲಿ ಹಚ್ಚೀರಿ ಎಂದು ಕೇಳುತ್ತೇನೆ. ಆಗ ಸತ್ಯ ಹೊರಬೀಳುತ್ತದೆ. ಪರಊರಿಗೆ ಹೋಗುವ ನೀವು ಈ ಲೇಖನದಿಂದ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ.

ಎರಡನೆಯ ಸಲ ಫಲಕವನ್ನು ನಂಬಿ ಕೆಟ್ಟೆ. ನಿಲುಗಡೆಯ ಫಲಕದ ಕೆಳಗೆ, ಕಂಬಕ್ಕೆ ಒರಗಿಸಿಯೇ ಗಾಡಿ ನಿಲ್ಲಿಸಿದ್ದೆ. ಫಲಕದ ಬುಡದಲ್ಲಿ ಒಂದು ಸಣ್ಣ ಬಾಣದ ಗುರುತಿತ್ತಂತೆ, ಜಾಗ ಅದು ತೋರಿಸುವ ಕಡೆ ಮಾತ್ರವಂತೆ. ನನ್ನ ಗಾಡಿ ಬಾಣದ ಬೆನ್ನ ಹಿಂದೆ ಇತ್ತು. ದಂಡ ಕಟ್ಟುವಾಗ ನನಗೆ ರಾಮದುರ್ಗದ ನಮ್ಮ ತಾಯಿಯ ತಂದೆ ನೆನಪಾದರು. ಸಂಸ್ಥಾನದ ಕಾಲದಲ್ಲಿ ಅರಮನೆಯ ದಾರಿಗೆ ಅಡ್ಡ ಗಾಡಿ ಬಿಟ್ಟರೆ ಕಾವಲುಗಾರ ಗಾಲಿಯ ಕೀಲು ಕಿತ್ತು ಕಿಸೆಯಲ್ಲಿ ಹಾಕಿಕೊಳ್ಳುತ್ತಿದ್ದನಂತೆ. ಒಡೆಯ ಬಂದು, ಬೈಗುಳ ತಿಂದು, ಕೀಲು ಇಸಿದುಕೊಂಡು ಹೋಗಬೇಕು. ಇದು ನಿಜವೋ ಅಜ್ಜನ ಕಥೆಯೋ ನನಗೆ ತಿಳಿಯದು. ಆದರೆ ಈಗಿನ ಶಹರಗಳಲ್ಲಿ ಮೋಟಾರಿನ ಗಾಲಿಗೆ ಹಾಕುವ ಹಳದಿ ಬೇಡಿಯನ್ನು ನೋಡಿದಾಗಲೆಲ್ಲ ಆ ಕಾವಲುಗಾರನ ಮೊಮ್ಮಗನೇ ಇದನ್ನು ಕಂಡುಹಿಡಿದಿರಬೇಕು ಅನ್ನಿಸುತ್ತದೆ.

ಇನ್ನು ನಾನು ಹೇಳಹೊರಟ ಮುಖ್ಯ ಸಂಗತಿಗೆ ಬರುತ್ತೇನೆ. ಅದು ಧಾರವಾಡದಲ್ಲಿ ನಡೆದದ್ದು, ನನ್ನ ಹೆಂಡತಿ ಅನಸೂಯಾಳ ಸಂಗೀತ ಪರೀಕ್ಷೆಯ ದಿನ.

ಅನಸೂಯಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸರಿಗಮ ಶುರು ಮಾಡಿದವಳು. ಮಕ್ಕಳ ಜಡೆ ಹೆಣೆಯುವ ವಯಸ್ಸಿನಲ್ಲಿ ತಂಬೂರಿ ಮೀಟುತ್ತಾಳೆಂದು ಬಂಧು ಬಳಗ ಆಡಿಕೊಂಡಿತು. ಅವಳು ಜೂನಿಯರ್ ಪರೀಕ್ಷೆ ಪಾಸು ಮಾಡಿದಳು. ಸೀನಿಯರ್‌ಗೆ ಕುಳಿತ ವರ್ಷ ಹಾಡುವ ದಿನವೇ ಗಂಟಲು ಕಟ್ಟಿ ನಪಾಸಾದಳು. ಮರುವರ್ಷ ಮತ್ತೆ ಅರ್ಜಿ ತುಂಬುವಾಗ ನಲವತ್ತೊಂದು ನಡೆದಿತ್ತು. ಅರ್ಜಿಯನ್ನು ನಾನೇ ಟೈಪು ಮಾಡಿದೆ. ಸಹಿ ಮಾಡಿ ಪೆನ್ನು ಮುಚ್ಚಿಟ್ಟು ಅವಳು ಹೇಳಿದಳು: “ಈ ಸಲ ಆಗಲಿಲ್ಲ ಅಂದ್ರ ತಂಬೂರಿ ಯಾರಿಗರೆ ಕೊಟ್ಟುಬಿಡತೇನಿ. ಸುಮ್ನ ಮೂಲ್ಯಾಗ ನಿಂತು ನನ್ನ ಅಣಕಸೂದು ಬ್ಯಾಡ.” ಅವಳು ಹೇಳಿದ್ದನ್ನು ಮಾಡುವವಳು. ನನಗೆ ಒಳಗೊಳಗೇ ಹೆದರಿಕೆಯಾಯಿತು.

ಪರೀಕ್ಷೆ ಎರಡು ದಿನ. ಮೇ ಮೂವತ್ತೊಂದರಂದು ಬರೆಯುವುದು, ಮರುದಿನ ಹಾಡುವುದು. ನಾವು ಸ್ಕೂಟರಿನಲ್ಲೇ ಕಿತ್ತೂರಿನ ಮೇಲೆ ಹಾಯ್ದು ಧಾರವಾಡ ಮುಟ್ಟಿ, ಅವಳ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡೆವು. ಪರೀಕ್ಷೆಯ ಶಾಲೆ ಇದ್ದ ಓಣಿಗೆ ಗಾಡಿ ಬಿಡುತ್ತಿರಲಿಲ್ಲ. ಹತ್ತಿರದ ಪೇಟೆ ಬೀದಿಯಲ್ಲಿ ನಿಲ್ಲಿಸಬೇಕು. ಅಲ್ಲಿ ನಾನು ಹಿಂದೆಂದೂ ಕಾಣದ ಹೊಸ ಫಲಕ ಇತ್ತು: ಬೀದಿಯ ಒಂದು ಬದಿ ಸಮ ದಿನಾಂಕಕ್ಕೆ, ಇನ್ನೊಂದು ಬದಿ ಬೆಸ ದಿನಾಂಕಕ್ಕೆ. ಮೂವತ್ತೊಂದು ಬೆಸ. ಮೂರು ಸಲ ಓದಿ, ಅರಿವೆ ಅಂಗಡಿಗಳ ಸಾಲಿನ ಕಡೆ ಗಾಡಿ ಹಚ್ಚಿದೆ. ಸಂಜೆ ಬಂದಾಗ ಗಾಡಿ ಇಟ್ಟ ಜಾಗದಲ್ಲೇ ಇತ್ತು. ಕಾನೂನು ಕೈಗೆ ಸಿಕ್ಕಿತೆಂದು ನನಗೆ ಬಹಳ ಹಿಗ್ಗಾಯಿತು. ಆ ರಾತ್ರಿ ಊಟಕ್ಕೆ ಕುಳಿತಾಗ ಚಿಕ್ಕಮ್ಮನಿಗೆ ಸಮ ಬೆಸದ ತತ್ವವನ್ನು ವಿವರಿಸಿದೆ. ಅವರು ಇನ್ನೊಂದು ರೊಟ್ಟಿ ಬಡಿಸಿ ಮಾತು ಬದಲಿಸಿದರು.

ಮರುದಿನ ಹತ್ತು ಗಂಟೆಗೆ ಅದೇ ಬೀದಿಗೆ ಬಂದೆವು. ಹನ್ನೊಂದಕ್ಕೆ ಅವಳು ಒಳಗಿರಬೇಕು. ನಾನು ಈ ಸಲ ಎದುರು ಬದಿಗೆ ತಿರುಗಿಸಿದೆ. ಹಿಂದೆ ಕುಳಿತ ಅನಸೂಯಾ, ನಿನ್ನೆ ಆ ಕಡೆ ಹಚ್ಚಿದ್ದಿರಲ್ಲ ಎಂದಳು. ನಿನ್ನೆ ಆ ಕಡೆ ಆದದ್ದಕ್ಕೇ ಇವತ್ತು ಈ ಕಡೆ, ದಿನ ಬಿಟ್ಟು ದಿನ ಬದಿ ಬದಲಾಗುತ್ತದೆ, ಅಷ್ಟೂ ತಿಳಿಯುವುದಿಲ್ಲವೇ ಎಂದು ನಾನು ಗುರುವಿನ ದನಿಯಲ್ಲಿ ಹೇಳಿದೆ. ಫಲಕವನ್ನು ಓದುವ ಗೊಡವೆಗೆ ಹೋಗಲಿಲ್ಲ. ಕಲಿತವನಿಗೆ ಫಲಕ ಏಕೆ ಬೇಕು? ಮೂವತ್ತೊಂದೂ ಬೆಸ, ಅದರ ಮರುದಿನದ ಒಂದೂ ಬೆಸ ಎಂಬುದು ಹೊಳೆಯಬೇಕಾದರೆ ಒಂದನೆಯ ಈಯತ್ತೆಯ ಬುದ್ಧಿ ಸಾಕಿತ್ತು. ನನಗೆ ಇದ್ದದ್ದು ಅದಕ್ಕಿಂತ ಹೆಚ್ಚು.

ಇನ್ನೊಂದು ಜಾಣತನವನ್ನೂ ಮಾಡಿದ್ದೆ. ಕಾಗದಪತ್ರ ನನ್ನ ಖಾತೆ, ಹೆಂಗಸರ ಚೀಲದಲ್ಲಿ ಹಾಲ್ ಟಿಕೆಟ್ ಮುದುಡುತ್ತದೆ ಎಂದು ಅವಳ ಕೈಯಿಂದ ಅದನ್ನು ಇಸಿದುಕೊಂಡು, ಸ್ಕೂಟರಿನ ಮುಂದಿನ ಡಬ್ಬಿಯಲ್ಲಿಟ್ಟು ಕೀಲಿ ಹಾಕಿದ್ದೆ. ಡಬ್ಬಿಗೆ ಕೀಲಿ, ಹ್ಯಾಂಡಲಿಗೆ ಇಲ್ಲ. ರೂಢಿ ಎಲ್ಲಿ ಹೋಗುತ್ತದೆ? ನ್ಯೂಟ್ರಲ್ ಮಾಡಿ, ಯಾರಿಗಾದರೂ ಸರಿಸಬೇಕಾದರೆ ಇರಲಿ ಎಂದು ಹ್ಯಾಂಡಲ್ ಸಡಿಲ ಬಿಟ್ಟು, ಅವಳ ಗಂಟಲಿಗೆ ಬಿಸಿ ಹಾಲು ಕುಡಿಸಲು ಹೋಟೆಲಿಗೆ ಕರೆದೊಯ್ದೆ. ಅವಳು ಹಾಲು ಕುಡಿದಳು. ನಾನು ಒಂದು ಗಿರ್ಮಿಟ್ಟು, ಅದರ ಮೇಲೆ ಎರಡು ಮಿರ್ಚಿ ತಿಂದೆ. ಎರಡನೆಯ ಮಿರ್ಚಿ ತಿನ್ನದಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಹತ್ತೂವರೆಗೆ ಬಂದು ನೋಡಿದರೆ ಗಾಡಿ ಇಟ್ಟಲ್ಲಿ ಗಾಡಿ ಇಲ್ಲ. ಅದರ ಅಕ್ಕಪಕ್ಕ ನಿಂತಿದ್ದ ಗಾಡಿಗಳೂ ಇಲ್ಲ. ಪಾನಪಟ್ಟಿ ಅಂಗಡಿಯವನು ಪೊಲೀಸರ ಲಾರಿ ಬಂದಿತ್ತು, ಈ ಬದಿಯವನ್ನೆಲ್ಲ ಎತ್ತಿಕೊಂಡು ಹೋಯಿತು ಎಂದ. ಆಗ ನನಗೆ ತಾರೀಕು ಹೊಳೆಯಿತು. ಅನಸೂಯಾ ನನ್ನ ಮುಖ ನೋಡಿದಳು. ಹಾಲ್ ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನೀನು ಇಲ್ಲಿಯೇ ಇರು, ನಾನು ಬಿಡಿಸಿಕೊಂಡು ಬಂದೆ ಎಂದು ಅವಳನ್ನು ಆ ಖಾಲಿ ಜಾಗದಲ್ಲೇ ನಿಲ್ಲಿಸಿ ಆಟೋ ಹಿಡಿದೆ. ದಾರಿಯುದ್ದಕ್ಕೂ ಮನೆಯ ಮೂಲೆಯಲ್ಲಿ ಗವಸಣಿಗೆ ಹಾಕಿ ನಿಲ್ಲಿಸಿದ ತಂಬೂರಿಯೇ ಕಣ್ಣ ಮುಂದೆ ಬಂತು.

ಸಂಚಾರ ಠಾಣೆಯಲ್ಲಿ ಒಬ್ಬ ಹವಾಲ್ದಾರರು ಕುಳಿತಿದ್ದರು. ದಂಡ ಎಷ್ಟಾದರೂ ಹಾಕಿ, ಬೇಗ ಹಾಕಿ ಎಂದೆ. ಹೀಗೆ ಅವಸರದಿಂದ ದಂಡ ಕಟ್ಟಲು ಬಂದವರನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ, ಕನ್ನಡಕ ತೆಗೆದು ನನ್ನನ್ನು ನೋಡಿದರು. ಗಾಡಿಯ ನಂಬರು ಕೇಳಿ ವಹಿಯಲ್ಲಿ ಬೆರಳಾಡಿಸಿದರು. ಅಂಗಳಕ್ಕೂ ಕರೆದೊಯ್ದು ತೋರಿಸಿದರು. ಎತ್ತಿ ತಂದ ಗಾಡಿಗಳಲ್ಲಿ ನನ್ನದು ಇರಲಿಲ್ಲ. ಆಯುಷ್ಯದಲ್ಲಿ ಮೊದಲ ಸಲ ನನಗೆ ದಂಡ ಬೀಳಲಿ ಎಂದು ದೇವರನ್ನು ಬೇಡಿಕೊಂಡು ಬಂದಿದ್ದೆ, ಅದೂ ಬೀಳಲಿಲ್ಲ. ಇನ್ನು ಉಳಿದದ್ದು ಕಳವು.

ಹವಾಲ್ದಾರರು ಕಳವಿನ ಅರ್ಜಿಗೆ ಕಾಗದ ತೆಗೆದು ವಿಚಾರಣೆ ಶುರು ಮಾಡಿದರು. “ಹ್ಯಾಂಡಲ್ ಲಾಕ್ ಹಾಕಿದ್ರಿಲ್ಲೋ?”

ಹಾಕಿರಲಿಲ್ಲ ಎಂದೆ. ಏಕೆಂದು ಕೇಳಿದರು. ನಾನು ಇದ್ದ ಸತ್ಯ ಹೇಳಿದೆ: “ಯಾರಿಗರೆ ಸರಸೂದು ಬೇಕಾದ್ರ ಇರ್ಲಿ ಅಂತ ಬಿಟ್ಟಿದ್ನಿರಿ.”

ಅವರು ಪೆನ್ನು ಕೆಳಗಿಟ್ಟರು. ನನ್ನ ಊರು ಕೇಳಿದರು, ಹೇಳಿದೆ. ಅವರ ಮೀಸೆಯ ಕೆಳಗೆ ನಗೆ ಮೂಡಿತು. ತಾವು ಸವದತ್ತಿಯವರೆಂದೂ, ಈ ಊರಿಗೆ ಬಂದ ಹೊಸದರಲ್ಲಿ ಹೀಗೇ ಬೀಗ ಹಾಕದೆ ಎರಡು ಸೈಕಲ್ ಕಳೆದುಕೊಂಡವರೆಂದೂ ಹೇಳಿದರು. ಆಮೇಲೆ ಕೇಳಿದರು: “ರಸ್ತಾದ ಆ ಕಡೆ ನೋಡೀರೇನು? ಲಾರಿ ಬಂದಾಗ ನಮ್ಮ ಕಡೀ ಮಂದಿ ಯಾರರೆ ಅಲ್ಲಿದ್ರ, ಸುಮ್ನ ನಿಂತು ನೋಡಿರ್ತಾರೇನ್ರಿ?”

ನೋಡಿರಲಿಲ್ಲ. ಎದುರು ಬದಿಯಲ್ಲಿ ಸೀರೆ ಗಂಟು ಹೇರಿದ ಒಂದು ಟೆಂಪೊ ಅಡ್ಡ ನಿಂತಿತ್ತು, ಅದರ ಹಿಂದೆ ಏನಿದೆಯೆಂದು ಇಣುಕುವ ವ್ಯವಧಾನ ನನಗಿರಲಿಲ್ಲ. ಕಳವಿನ ಅರ್ಜಿಯನ್ನು ಅಷ್ಟಕ್ಕೇ ಬಿಟ್ಟು ಮತ್ತೆ ಆಟೋ ಹತ್ತಿದೆ. ಹನ್ನೊಂದಕ್ಕೆ ಹತ್ತು ನಿಮಿಷ ಉಳಿದಿತ್ತು.

ಬೀದಿಗೆ ಬಂದು ಇಳಿದವನಿಗೆ ಕಂಡ ನೋಟ ಇದು. ಅನಸೂಯಾ ನಾನು ನಿಲ್ಲಿಸಿ ಹೋದ ಜಾಗದಲ್ಲೇ ನಿಂತಿದ್ದಾಳೆ. ಕಣ್ಣು ಮುಚ್ಚಿದ್ದಾಳೆ. ಎದೆ ಹೊಡೆದುಕೊಳ್ಳುವುದನ್ನು ತಡೆಯಲು ಅವಳಿಗೆ ಗೊತ್ತಿದ್ದ ಉಪಾಯ ಒಂದೇ, ಹಾಡುವುದು. ಬಸ್ಸು, ಆಟೋ, ಕೈಗಾಡಿಗಳ ಗದ್ದಲದ ನಡುವೆ ತನ್ನಷ್ಟಕ್ಕೆ ಸಣ್ಣ ದನಿಯಲ್ಲಿ ಬಿಲಾವಲ್ ರಾಗ ಹಾಡುತ್ತಿದ್ದಾಳೆ, ಬೆರಳು ತಾಳ ಎಣಿಸುತ್ತಿದೆ. ಅವಳಿಂದ ನಾಲ್ಕು ಮಾರು ದೂರದಲ್ಲಿ ಹೆಗಲ ಮೇಲೆ ಟಾವೆಲ್ಲು ಹಾಕಿಕೊಂಡ ಒಬ್ಬ ಮನುಷ್ಯ ಕೈಕಟ್ಟಿ ನಿಂತು ಅವಳನ್ನೇ ನೋಡುತ್ತಿದ್ದಾನೆ. ನನಗೆ ಸಿಟ್ಟು ಬಂತು. ಹತ್ತಿರ ಹೋಗಿ ಯಾರು ನೀವು ಎಂದು ಕೇಳಬೇಕೆನ್ನುವಷ್ಟರಲ್ಲಿ ಅವನೇ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದ. ಪಿಸುದನಿಯಲ್ಲಿ ಕೇಳಿದ: “ಆ ಕರೀ ಸ್ಕೂಟರ್ ನಿಮ್ದೇನ್ರಿ?”

ಅವನು ರಾಮದುರ್ಗದ ಈರಣ್ಣ. ನೇಕಾರರ ಸೀರೆಗಳನ್ನು ಧಾರವಾಡದ ಅಂಗಡಿಗಳಿಗೆ ತಂದು ಹಾಕುವ ಟೆಂಪೊ ಅವನದು. ಲಾರಿ ಬರುವುದನ್ನು ಕಂಡು, ಹಾದಿಯ ಈ ಕಡೆ ನಿಂತ ಗಾಡಿಗಳ ಹ್ಯಾಂಡಲ್ ಒಂದೊಂದಾಗಿ ಮುಟ್ಟಿ ನೋಡಿದನಂತೆ. ಎಲ್ಲವಕ್ಕೂ ಬೀಗ, ಒಂದು ಮಾತ್ರ ತಿರುಗಿತಂತೆ. ಇದು ನಮ್ಮ ಕಡೆಯ ಗಾಡಿಯೇ ಎಂದು ತಳ್ಳಿಕೊಂಡು ಹೋಗಿ ಬೆಸದ ಬದಿಗೆ, ತನ್ನ ಟೆಂಪೊದ ಹಿಂದೆ ಹಚ್ಚಿದನಂತೆ. ಆಮೇಲೆ ಅಂಗಡಿಯೊಳಗೆ ಗಂಟು ಇಳಿಸಿ ಹೊರಬಂದಾಗ ಆ ಖಾಲಿ ಜಾಗದಲ್ಲಿ ಅನಸೂಯಾ ಕಂಡಳು. ಗಾಡಿಯವರು ಇವರೇ ಎಂದು ಊಹಿಸಿ ಹೇಳಲು ದಾಟಿ ಬಂದ. ಬಂದು ಹೇಳದೆ ನಿಂತ.

“ಯಾಕ ಹೇಳಲಿಲ್ರಿ?” ಎಂದು ನಾನು ಕೇಳಿದೆ.

“ಅಕ್ಕಾರು ಹಾಡಾಕ ಹತ್ತಿದ್ರಲ್ರಿ,” ಎಂದ ಈರಣ್ಣ. “ನಡುವ ಹೆಂಗ ಕರೀಲಿ? ಮುಗೀಲಿ ಅಂತ ನಿಂತೇನಿ.”

ಅವಳು ಹಾಡುತ್ತಿದ್ದದ್ದು ವಿಲಂಬಿತ ಖ್ಯಾಲು, ಬಹಳ ನಿಧಾನದ ಲಯದ್ದು. ವಿಲಂಬಿತ ಮುಗಿಯುವುದನ್ನು ಕಾಯುವವನು ಬುತ್ತಿ ಕಟ್ಟಿಕೊಂಡು ಬರಬೇಕು. ಆ ಮನುಷ್ಯ ಕಾಲುಗಂಟೆ ನಿಂತಿದ್ದ, ಇನ್ನೂ ನಿಲ್ಲಲು ತಯಾರಿದ್ದ. ನನಗೆ ಅಂಥ ತಾಳ್ಮೆ ಇರಲಿಲ್ಲ. ಅನಸೂಯಾ, ಗಾಡಿ ಸಿಕ್ಕಿತು ಎಂದು ಅರಚಿದೆ. ಅವಳು ಬೆಚ್ಚಿ ಕಣ್ಣು ಬಿಟ್ಟಳು. ಈರಣ್ಣ ನನ್ನ ಕಡೆ ನೋಡಿದ ನೋಟದಲ್ಲಿ ಆಪಾದನೆ ಇತ್ತು. ನಾನು ಬೀದಿ ದಾಟಿ ಡಬ್ಬಿಯ ಕೀಲಿ ತೆಗೆದು ಹಾಲ್ ಟಿಕೆಟ್ ಹೊರಗೆಳೆದೆ. ಅವಳು ಅದನ್ನು ಹಿಡಿದು, ಸೆರಗು ಸಿಕ್ಕಿಸಿಕೊಂಡು, ಶಾಲೆಯ ಹುಡುಗಿಯರ ಹಾಗೆ ಓಣಿಯಲ್ಲಿ ಓಡಿದಳು. ನಲವತ್ತೊಂದು ವರ್ಷದ ನನ್ನ ಹೆಂಡತಿ ಅಷ್ಟು ಜೋರಾಗಿ ಓಡಬಲ್ಲಳೆಂದು ನನಗೆ ಅಂದೇ ತಿಳಿದದ್ದು. ಗೇಟು ಮುಚ್ಚುವ ಮೊದಲು ಒಳಗೆ ಹೋದಳು.

ನಾನೂ ಈರಣ್ಣನೂ ಚಹಾ ಕುಡಿದೆವು. ಬಿಲ್ಲು ಕೊಡಲು ಅವನು ಬಿಡಲಿಲ್ಲ. ಹೋಗುವ ಮುಂಚೆ ಒಂದು ಮಾತು ಹೇಳಿದ. ಧಾರವಾಡದಲ್ಲಿ ಇನ್ನು ಮೇಲೆ ಬೀಗ ಹಾಕಿ, ನಾನೇನು ದಿನಾ ಬರುವುದಿಲ್ಲ ಎಂದ. ಹವಾಲ್ದಾರರೂ ಅದನ್ನೇ ಹೇಳಿದ್ದರು. ಅವರಿಬ್ಬರ ಮಾತೂ ನೂರಕ್ಕೆ ನೂರು ಸರಿ, ಓದುಗರಾದ ನೀವು ಖಂಡಿತ ಬೀಗ ಹಾಕಬೇಕು. ಫಲಕವನ್ನು ದಿನವೂ ಹೊಸದಾಗಿ ಓದಬೇಕು. ಮೂವತ್ತೊಂದು ದಿನಗಳ ತಿಂಗಳು ಮುಗಿದ ಮರುದಿನ ಎರಡು ಸಲ ಓದಬೇಕು. ನಾನು ಮಾತ್ರ ಶಹರದಲ್ಲಿ ಬೀಗಕ್ಕೆ ಕೈ ಹಾಕಿದಾಗಲೆಲ್ಲ ಅರ್ಧ ತಿರುಗಿಸಿ, ಈರಣ್ಣ ಬಂದರೆ ಏನು ತಿಳಿದಾನು ಎಂದು ಒಂದು ಗಳಿಗೆ ಅನುಮಾನಿಸುತ್ತೇನೆ.

ಒಂದು ಗಂಟೆಗೆ ಅನಸೂಯಾ ಹೊರಬಂದಳು. ಹೇಗಾಯಿತೆಂದು ಕೇಳಿದೆ. ಓಡಿ ಬಂದ ಏದುಸಿರು ಕಂಡು ಪರೀಕ್ಷಕರು ಐದು ನಿಮಿಷ ಕೂರಲು ಹೇಳಿದರಂತೆ. ಇವಳು ಬೇಡ, ರಸ್ತೆಯಲ್ಲಿ ಆಗಲೇ ದನಿ ಬಿಸಿಯಾಗಿದೆ ಎಂದು ಅಲ್ಲಿದ್ದ ತಂಬೂರಿಗೆ ಕೈ ಹಾಕಿದಳಂತೆ. ಹಾಡಿದ್ದು ಹೇಗಿತ್ತೆಂದು ಹೇಳಲಿಲ್ಲ. ಗಾಡಿ ಹೇಗೆ ಸಿಕ್ಕಿತೆಂದು ಕೇಳಿದಳು. ನಾನು ಲಾರಿ, ಠಾಣೆ, ಹವಾಲ್ದಾರ, ಟೆಂಪೊ ಎಲ್ಲವನ್ನೂ ಬಣ್ಣ ಹಚ್ಚಿ ಹೇಳಿದೆ. ಅವಳು ನಡುವೆಯೇ ತಡೆದು, ಆ ಮನುಷ್ಯ ಎಷ್ಟು ಹೊತ್ತು ನಿಂತಿದ್ದ ಎಂದು ಕೇಳಿದಳು. ಕಾಲುಗಂಟೆ ಎಂದೆ. ಕಾಲುಗಂಟೆಯೂ ಕೇಳುತ್ತಿದ್ದನೇ ಎಂದಳು. ಕೇಳುತ್ತಿದ್ದ, ನನ್ನ ಬಾಯಿಯನ್ನೂ ಮುಚ್ಚಿಸಿದ ಎಂದೆ.

ಅವಳು ಗಾಡಿ ಹತ್ತಿ ಕುಳಿತಳು. ಊರು ದಾಟಿ, ಕಿತ್ತೂರಿನ ದಾರಿಯಲ್ಲಿ ಗಾಳಿ ಬೀಸತೊಡಗಿದಾಗ ಹಿಂದಿನಿಂದ ಹೇಳಿದಳು: “ಪಾಸಾಗಲಿ, ನಪಾಸಾಗಲಿ. ತಂಬೂರಿ ಯಾರಿಗೂ ಕೊಡೂದಿಲ್ಲ ಬಿಡ್ರಿ.”

ನನಗೆ ಎಷ್ಟು ಸಂತೋಷವಾಯಿತೆಂದರೆ ಎದುರಿನ ಟ್ರ್ಯಾಕ್ಟರಿಗೆ ಕಾರಣವಿಲ್ಲದೆ ಎರಡು ಸಲ ಹಾರ್ನ್ ಹೊಡೆದೆ. ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಏಳು ವರ್ಷ ಅವಳು ದಿನಾ ನಸುಕಿನಲ್ಲಿ ರಿಯಾಜು ಮಾಡಿದ್ದಾಳೆ. ಏಳು ವರ್ಷ ನಾನು ದಿನಾ ಅದರ ನಡುವೆ ತಲೆ ಹಾಕಿ ಚಹಾ ಆಯಿತೇ, ನನ್ನ ಕನ್ನಡಕ ಎಲ್ಲಿದೆ, ಹಾಲಿನವನು ಬಂದನೇ ಎಂದು ಕೇಳಿದ್ದೇನೆ. ಅವಳ ಹಾಡು ಮುಗಿಯಲೆಂದು ನಿಂತು ಕಾದ ಮೊದಲ ಮನುಷ್ಯ ಸೀರೆ ಗಂಟು ಇಳಿಸಲು ಬಂದ ಒಬ್ಬ ಅಪರಿಚಿತ, ಅದೂ ಧಾರವಾಡದ ಹಾದಿಯ ಮೇಲೆ.

ಅವಳು ಪಾಸಾದಳು, ಅದನ್ನೂ ಹೇಳಿಬಿಡುತ್ತೇನೆ. ಈಗ ನಸುಕಿನಲ್ಲಿ ನಾನು ಹೊಸ್ತಿಲ ಈಚೆಗೇ ನಿಲ್ಲುತ್ತೇನೆ. ಕೇಳಬೇಕಾದದ್ದು ಏನಿದ್ದರೂ ಹಾಡು ಮುಗಿದ ಮೇಲೆ ಕೇಳುತ್ತೇನೆ. ವಿಲಂಬಿತ ಹಿಡಿದಳೆಂದರೆ ಸದ್ದಿಲ್ಲದೆ ಅಡಿಗೆ ಮನೆಗೆ ಹೋಗಿ ನಾನೇ ಚಹಾಕ್ಕೆ ಇಡುತ್ತೇನೆ, ಎರಡು ಕಪ್ಪು.